ಕೆಂಚನಿಗೆ ಕುರಿ ಕಂಬಳಿ: ನಾಯಿ, ಬೆಕ್ಕು ಇರುವ ಮನೆಗೆ ಚಳಿಗಾಲದ ಹಾಸಿಗೆ ಯಾವುದು ಸರಿ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಮ್ಮ ತುಮಕೂರು ಕಡೆಯ ಚಳಿಗೆ, ಮನೆಯ ನಾಯಿ ಬೆಕ್ಕುಗಳಿಗೆ, ಕೈಮಗ್ಗದ ಕುರಿ ಕಂಬಳಿಯಷ್ಟು ಒಳ್ಳೆಯ ಹಾಸಿಗೆ ನಾನು ನೋಡಿಲ್ಲ. ಅಂಗಡಿಯ ಸ್ಪಂಜಿನ ಹಾಸಿಗೆ ಬಳಸಿದ್ದೇನೆ. ಹಿಮ ಬೀಳುವ ದೇಶಕ್ಕೆಂದೇ ಮಾಡಿದ ನಾಯಿ ಕೋಟನ್ನೂ ಬಳಸಿದ್ದೇನೆ. ಕಂಬಳಿಗೂ ಕೊರತೆಗಳಿವೆ, ಅವನ್ನೂ ಮುಚ್ಚಿಡದೆ ಬರೆಯುತ್ತೇನೆ. ಆದರೂ ಯಾರಾದರೂ ಕೇಳಿದರೆ ನನ್ನ ಉತ್ತರ ಕಂಬಳಿಯೇ.

ನಾನು ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಲ್ಲೇ ಟೈಲರಿಂಗ್. ರವಿಕೆ, ಲಂಗ, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುತ್ತೇನೆ. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುವುದು ನನ್ನ ಅಭ್ಯಾಸ. ಮನೆಯಲ್ಲಿ ಮೂರು ಜೀವ ಇವೆ. ಕೆಂಚ, ಹತ್ತು ವರ್ಷ ದಾಟಿದ ನಾಟಿ ನಾಯಿ, ಹಿಂಗಾಲಿನ ಕೀಲು ನೋವು ಇದೆ. ಗುಂಡ, ರಾಗಿ ಕೊಯ್ಲಿನ ಹೊತ್ತಿನಲ್ಲಿ ಹುಲ್ಲಿನ ಮೆದೆ ಪಕ್ಕ ಸಿಕ್ಕ ನಾಯಿಮರಿ, ಈಗ ಎತ್ತರಕ್ಕೆ ಬೆಳೆದಿದ್ದಾನೆ. ಮತ್ತೆ ಸುಬ್ಬಿ, ಬೆಕ್ಕು. ಎರಡು ಹಸು, ಒಂದು ಕರು ಬೇರೆ. ಅವು ಕೊಟ್ಟಿಗೆಯವು, ಅವುಗಳ ಚಳಿಯ ಲೆಕ್ಕವೇ ಬೇರೆ. ಕರುವಿನ ಬೆನ್ನಿಗೆ ಗೋಣಿತಾಟು ಕಟ್ಟಿ, ಗಾಳಿ ಬರುವ ಕಡೆ ತೆಂಗಿನ ಗರಿ ತಡಿಕೆ ನಿಲ್ಲಿಸಿದರೆ ಸಾಕಾಗುತ್ತದೆ.

ನಮ್ಮ ಚಳಿ ಎಂಥದ್ದು ಅಂತ ಮೊದಲು ಹೇಳಬೇಕು. ಯಾಕೆಂದರೆ ಹಾಸಿಗೆ ಯಾವುದು ಅನ್ನುವುದು ಅದರ ಮೇಲೇ ನಿಂತಿದೆ. ಧನುರ್ಮಾಸ ಹಿಡಿದ ಮೇಲೆ ಕೆಲವು ರಾತ್ರಿ 12, 13 ಡಿಗ್ರಿಗೆ ಇಳಿಯುತ್ತದೆ. ಸಿದ್ಧರಬೆಟ್ಟದ ಕಡೆಯಿಂದ ಬೆಳಗಿನ ಜಾವ ಗಾಳಿ ಬೀಸಿದರೆ ಮೈ ನಡುಗುತ್ತದೆ. ಇಬ್ಬನಿ ಬಿದ್ದು ಅವರೆ ಗಿಡವೆಲ್ಲ ಒದ್ದೆ. ಆ ಇಬ್ಬನಿಗೇ ಅವರೆಗೆ ಸೊಗಡು ಬರುವುದು ಅನ್ನುತ್ತಾರೆ, ಅದು ಬೇರೆ ಮಾತು. ಆದರೆ ಒಂಬತ್ತು ಗಂಟೆಗೆ ಬಿಸಿಲು ಬಂತೆಂದರೆ ಮುಗಿಯಿತು. ಮಧ್ಯಾಹ್ನ 27, 28 ಡಿಗ್ರಿ. ಶಾಲು ಹೊದ್ದು ಹಾಲು ಕರೆದವಳು ಹನ್ನೆರಡು ಗಂಟೆಗೆ ಫ್ಯಾನ್ ಹಾಕುತ್ತೇನೆ. ಒಂದೇ ದಿನದಲ್ಲಿ ಎರಡು ಕಾಲ.

ಇಂಥ ಚಳಿಯಲ್ಲಿ ನಾಯಿಯನ್ನು ಕಾಡುವುದು ಮೇಲಿನ ಗಾಳಿಗಿಂತ ಕೆಳಗಿನ ನೆಲ. ನಾಯಿಯ ಮೈ ಬಿಸಿ ಸಹಜವಾಗಿಯೇ 38ರಿಂದ 39 ಡಿಗ್ರಿ, ನಮಗಿಂತ ಜಾಸ್ತಿ. ಅದು ಹೋಗಿ ಚಪ್ಪಡಿ ಕಲ್ಲಿನ ಮೇಲೋ ಸಿಮೆಂಟಿನ ಮೇಲೋ ಮಲಗಿದರೆ ಕಲ್ಲು ರಾತ್ರಿಯೆಲ್ಲ ಆ ಬಿಸಿಯನ್ನು ಎಳೆದುಕೊಳ್ಳುತ್ತದೆ. ಎಳೆ ನಾಯಿ ತಡೆದುಕೊಳ್ಳುತ್ತದೆ. ಮುದಿ ನಾಯಿ ಬೆಳಿಗ್ಗೆ ಏಳಲಾರದು. ಕೆಂಚ ಮುಂಗಾಲು ಊರಿ, ಹಿಂಭಾಗ ಎತ್ತಲಾಗದೆ, ಒಂದು ಗಳಿಗೆ ಹಾಗೇ ಕೂತು ನನ್ನ ಮುಖ ನೋಡುತ್ತಿದ್ದ. ಅದನ್ನು ನೋಡಿದವರಿಗೆ ಹಾಸಿಗೆ ಹುಡುಕುವ ತಾಪತ್ರಯ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಪ್ರಾಣಿಗಳು ತಮ್ಮ ಜಾಗ ತಾವೇ ಹುಡುಕಿಕೊಳ್ಳುತ್ತವೆ ಅನ್ನುವವರಿದ್ದಾರೆ. ನಿಜ, ಹುಡುಕಿಕೊಳ್ಳುತ್ತವೆ. ಸುಬ್ಬಿ ಹುಡುಕಿಕೊಂಡ ಜಾಗ ಬಚ್ಚಲ ಒಲೆ. ರಾತ್ರಿ ಹಂಡೆಗೆ ಉರಿ ಹಾಕಿದ ಮೇಲೆ ಬೂದಿ ಬೆಳಗಿನವರೆಗೂ ಬೆಚ್ಚಗಿರುತ್ತದೆ. ಅದರ ಒಳಗೆ ನುಗ್ಗಿ ಸುತ್ತಿಕೊಂಡು ಮಲಗುತ್ತದೆ. ಬೆಳಿಗ್ಗೆ ಕತ್ತಲಲ್ಲಿ ಸೌದೆ ತುರುಕಿ ಕಡ್ಡಿ ಗೀರುವ ಮನೆಗಳಲ್ಲಿ ಏನಾಗಬಹುದು ಯೋಚಿಸಿ. ನಾವು ಟಾರ್ಚ್ ಹಾಕಿ ನೋಡದೆ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯವರ ಟಾಟಾ ಏಸ್ ಬಂದು ನಿಂತರೆ ಎಂಜಿನ್ ಬಿಸಿಗೆ ಅದರ ಕೆಳಗೂ ಹೋಗುತ್ತದೆ. ಒಳ್ಳೆಯ ಜಾಗ ನಾವು ಕೊಟ್ಟರೆ ಕೆಟ್ಟ ಜಾಗಕ್ಕೆ ಅವು ಹೋಗುವುದು ಕಡಿಮೆಯಾಗುತ್ತದೆ, ಅಷ್ಟೇ.

ಸ್ಪಂಜಿನ ಹಾಸಿಗೆಯ ವಿಷಯ ಬೇಗ ಮುಗಿಸುತ್ತೇನೆ. ಆನ್‌ಲೈನಲ್ಲಿ ತರಿಸಿದ್ದು. ಕಂಪನಿ ಹೆಸರು ಬೇಡ. ದುಂಡಗೆ, ಸುತ್ತಲೂ ದಿಂಬಿನ ಅಂಚು, ನೋಡಲು ಚೆಂದ. ಮೇಲಿನ ಬಟ್ಟೆ ಪಾಲಿಯೆಸ್ಟರ್, ಹೊಲಿಗೆ ದೂರ ದೂರ, ಜಿಪ್ಪಿನ ಬುಡದಲ್ಲಿ ಲಾಕ್ ಹೊಲಿಗೆಯೇ ಇಲ್ಲ. ಗುಂಡ ಅಲ್ಲಿಂದಲೇ ಹಲ್ಲು ಹಾಕಿ ಬಿಚ್ಚಿದ. ಅದಕ್ಕಿಂತ ದೊಡ್ಡ ತೊಂದರೆ ತೇವ. ಜಗಲಿಯ ಮೇಲೆ ಇಬ್ಬನಿ ಹೀರಿಕೊಂಡ ಸ್ಪಂಜು ಹೊರಗೆ ಒಣಗಿದ ಹಾಗೆ ಕಾಣುತ್ತದೆ, ಒತ್ತಿದರೆ ಒಳಗೆ ತಣ್ಣಗಿರುತ್ತದೆ. ಕೆಲವೇ ದಿನಕ್ಕೆ ಮುಗ್ಗಲು ವಾಸನೆ. ಕೆಂಚ ಅದನ್ನು ಬಿಟ್ಟು ಮತ್ತೆ ಚಪ್ಪಡಿಗೇ ಹೋದ. ಪಟ್ಟಣದಲ್ಲಿ ಫ್ಲಾಟಿನ ಒಳಗೆ ಇರುವ ನಾಯಿಗೆ ಅದು ಸರಿಹೋಗಬಹುದೇನೋ. ಹಳ್ಳಿಮನೆ ಜಗಲಿಗೆ ಬೇಡ.

ಇನ್ನು ಕೋಟು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದು ನಿಜಕ್ಕೂ ಒಳ್ಳೆಯ ವಸ್ತು. ನನ್ನ ತಂಗಿ ಮದುವೆಯಾಗಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿದ್ದಾಳೆ, ರೆಜೈನಾ ಪಟ್ಟಣದ ಹೊರಗಿನ ಹಳ್ಳಿಯಲ್ಲಿ. ಅವರ ಮನೆಯಲ್ಲೂ ಒಂದು ನಾಯಿ ಇದೆ. ಅಲ್ಲಿ ಜನವರಿ ರಾತ್ರಿ ಮೈನಸ್ 20 ಸಾಮಾನ್ಯ, ಕೆಲವು ಸಲ ಮೈನಸ್ 30 ಕೂಡ ದಾಟುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ ಒಂಬತ್ತರ ಹತ್ತಿರ, ಸಂಜೆ ಐದಕ್ಕೆಲ್ಲ ಮುಳುಗಿರುತ್ತಾನೆ. ನಾಯಿ ಉಚ್ಚೆಗೆ ಹೋಗಬೇಕೆಂದರೆ ಮೊದಲು ಸಲಿಕೆಯಲ್ಲಿ ಹಿತ್ತಲ ಹಿಮ ಎತ್ತಿ ಅದಕ್ಕೊಂದು ಜಾಗ ಮಾಡಿಕೊಡಬೇಕಂತೆ. ಹೊರಗಿಟ್ಟ ನೀರು ಗಡ್ಡೆ ಕಟ್ಟುತ್ತದೆಂದು ಕರೆಂಟಿನ ಬಿಸಿ ಬೋಗುಣಿ ಇಡುತ್ತಾರೆ. ರಸ್ತೆಯ ಹಿಮ ಕರಗಲು ಉಪ್ಪು ಸುರಿದಿರುತ್ತಾರೆ. ಆ ಉಪ್ಪು ಪಾದದ ಬಿರುಕಿಗೆ ಸೇರಿ ಉರಿಯುತ್ತದೆ, ನಾಯಿ ನೆಕ್ಕಿದರೆ ಹೊಟ್ಟೆ ಕೆಡುತ್ತದೆ. ಅದಕ್ಕೆ ಕಾಲಿಗೆ ಬೂಟು ಹಾಕುತ್ತಾರೆ, ಇಲ್ಲವೇ ಮೇಣ ಸವರುತ್ತಾರೆ. ಮನೆಗೆ ಬಂದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಪಾದ ತೊಳೆದು, ಬೆರಳ ಸಂದಿಯಲ್ಲಿ ಗಂಟು ಕಟ್ಟಿದ ಹಿಮ ಬಿಡಿಸಬೇಕು. "ಅಕ್ಕಾ, ನಾಯಿ ತಿರುಗಾಡಿಸೋದು ಹತ್ತು ನಿಮಿಷ, ಅದನ್ನ ರೆಡಿ ಮಾಡೋದು ಅರ್ಧ ಗಂಟೆ" ಅನ್ನುತ್ತಾಳೆ.

ಅವಳಿಂದ ತಿಳಿದ ಒಂದು ಸಂಗತಿ ಎಲ್ಲರಿಗೂ ಗೊತ್ತಿರಬೇಕು. ಕಾರಿನ ರೇಡಿಯೇಟರ್ ನೀರು ಹೆಪ್ಪುಗಟ್ಟದಿರಲು ಹಾಕುವ ಕೂಲೆಂಟು ಸೋರಿ ನೆಲದ ಮೇಲಿದ್ದರೆ ಅದರ ಸಿಹಿಗೆ ನಾಯಿ ನೆಕ್ಕುತ್ತದೆ, ಬೆಕ್ಕೂ ನೆಕ್ಕುವುದುಂಟು. ಅದು ಮೂತ್ರಪಿಂಡ ಹಾಳು ಮಾಡುವ ವಿಷ. ಸ್ವಲ್ಪವೇ ಸಾಕು, ಜೀವ ಹೋಗುತ್ತದೆ. ಅಲ್ಲಿ ಚಳಿಗಾಲದಲ್ಲಿ ಆ ಭಯ ಜಾಸ್ತಿ. ಆದರೆ ಅದೇ ಕೂಲೆಂಟು ನಮ್ಮ ಟ್ರ್ಯಾಕ್ಟರು, ಕಾರುಗಳಲ್ಲೂ ಇರುತ್ತದೆ. ನೆಲದ ಮೇಲೆ ಹಸಿರು ನೀರು ಕಂಡರೆ ಮಣ್ಣು ಹಾಕಿ ಬಳಿದು ತೆಗೆಯಿರಿ.

ಆ ಕೋಟನ್ನು ಕೆಂಚನಿಗೆಂದು ಅವಳೇ ಕಳಿಸಿದ್ದು. ಬಿಚ್ಚಿ ನೋಡಿದ ತಕ್ಷಣ ಹೊಲಿದವರ ಕೈಗೆ ನಮಸ್ಕಾರ ಅನ್ನಿಸಿತು. ಹೊರಗೆ ನೀರು ನಿಲ್ಲದ ನೈಲಾನ್, ಒಳಗೆ ದಪ್ಪ ಫ್ಲೀಸ್. ಹೊಲಿಗೆಯ ಸಾಲು ಒಂದೂ ಬೆನ್ನಿನ ನಡುಗೆರೆ ಮೇಲೆ ಬರುವುದಿಲ್ಲ, ಎಲ್ಲ ಪಕ್ಕಕ್ಕೆ ತಂದಿದ್ದಾರೆ, ಮಲಗಿದರೆ ಒತ್ತಬಾರದು ಅಂತ. ಕತ್ತಿನ ಪಟ್ಟಿ ಮಡಚಿದರೆ ಕಿವಿವರೆಗೂ ಬರುತ್ತದೆ. ಹೊಟ್ಟೆ ಕೆಳಗೆ ಎರಡು ಬೆಲ್ಟು, ವೆಲ್ಕ್ರೋ. ಬೆನ್ನ ಮೇಲೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ. ಅಲ್ಲಿಯ ಕತ್ತಲೆಗೆ ಅದು ಬೇಕೇ ಬೇಕು.

ಅಲ್ಲಿಗೆ ಹತ್ತಕ್ಕೆ ಹತ್ತು. ಇಲ್ಲಿಗೆ ಸರಿಬೀಳಲಿಲ್ಲ. ಬೆಳಿಗ್ಗೆ ಆರಕ್ಕೆ ಹಾಕಿದರೆ ಕೆಂಚ ಖುಷಿಯಾಗಿಯೇ ಇರುತ್ತಿದ್ದ. ಒಂಬತ್ತರ ಹೊತ್ತಿಗೆ ನಾಲಿಗೆ ಹೊರಗೆ ಹಾಕಿ ಏದುಸಿರು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಬಿಸಿ ಬಾಯಿಂದಲೇ ಹೋಗಬೇಕು. ಕೋಟು ತೆಗೆಯಲು ಮನೆಯಲ್ಲಿ ಯಾರಾದರೂ ಇರಬೇಕು, ಅವನು ಹೊಲದಲ್ಲಿದ್ದರೆ ಹುಡುಕಿಕೊಂಡು ಹೋಗಬೇಕು. ಇನ್ನೊಂದು, ಬದುವಿನ ಉತ್ತರಾಣಿ. ಕೋಟು ಹಾಕಿಕೊಂಡು ಒಂದು ಸುತ್ತು ಬಂದರೆ ಫ್ಲೀಸಿನ ಅಂಚಿಗೆ, ವೆಲ್ಕ್ರೋಗೆ ಉತ್ತರಾಣಿ ಬೀಜ ಸಾಲಾಗಿ ಹತ್ತಿರುತ್ತದೆ. ಬೀಜ ತುಂಬಿದ ವೆಲ್ಕ್ರೋ ಕಚ್ಚುವುದಿಲ್ಲ. ರವಿಕೆ ಹುಕ್ಕು ಹಾಕುತ್ತಾ ಕೂರಬೇಕಾದವಳು ಪಿನ್ನು ಹಿಡಿದು ಒಂದೊಂದೇ ಬೀಜ ಕೀಳುತ್ತಾ ಕೂತಿದ್ದೇನೆ. ಇವೆಲ್ಲ ಕೋಟಿನ ತಪ್ಪಲ್ಲ. ಅದನ್ನು ಮಾಡಿದ್ದು ಹಗಲೂ ರಾತ್ರಿಯೂ ಒಂದೇ ಸಮ ಕೊರೆಯುವ ಊರಿಗೆ. ನಮ್ಮದು ರಾತ್ರಿಯ ಚಳಿ. ನಮಗೆ ಬೇಕಾದ್ದು ರಾತ್ರಿ ನೆಲದ ತಂಪು ತಡೆಯುವಂಥದ್ದು, ಹಗಲು ಬಿಸಿಲಿಗೆ ಹಾಕಿದರೆ ಒಣಗುವಂಥದ್ದು.

ಕಂಬಳಿ ಯೋಚನೆ ಬಂದಿದ್ದು ಅಕ್ಕಿರಾಂಪುರದ ಸಂತೆಯಲ್ಲಿ. ಕುರಿ, ಮೇಕೆ ವ್ಯಾಪಾರಕ್ಕೆ ಹೆಸರಾದ ಸಂತೆ ಅದು. ನಮ್ಮ ಮನೆಯವರು ಮೇಕೆ ನೋಡುತ್ತಿದ್ದರು. ನಾನು ನೋಡುತ್ತಿದ್ದದ್ದು ಒಬ್ಬ ಕುರಿಗಾಹಿಯ ನಾಯಿಯನ್ನು. ಆ ಕುರಿಗಾಹಿ ಯಜಮಾನರು ಕಂಬಳಿ ಮಡಚಿ ನೆಲಕ್ಕೆ ಹಾಕಿ ಚಹಾ ಕುಡಿಯಲು ಹೋಗಿದ್ದರು. ನಾಯಿ ಅದರ ಮೇಲೆ ಮಲಗಿತ್ತು. ಅಷ್ಟು ಗದ್ದಲದ ಮಧ್ಯೆ ಮಲಗಿಯೇ ಇತ್ತು. ಕಂಬಳಿ ಎಲ್ಲಿ ಸಿಗುತ್ತದೆ ಅಂತ ಕೇಳಿದಾಗ ಅವರು ಶಿರಾ ತಾಲ್ಲೂಕಿನ ಒಂದು ಹಳ್ಳಿಯ ದಾರಿ ಹೇಳಿದರು.

ಅಲ್ಲಿಯ ಮನೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಡುಮನೆಯಲ್ಲಿ ಗುಂಡಿ ಮಗ್ಗ. ಅಜ್ಜ ಗುಂಡಿಗೆ ಕಾಲಿಳಿಬಿಟ್ಟು ಕೂತು ನೇಯುತ್ತಾರೆ. ಅಜ್ಜಿ ಬಾಗಿಲಲ್ಲಿ ಕೂತು ಉಣ್ಣೆ ನೂಲುತ್ತಾರೆ. ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸುತ್ತಾರೆ, ಇಲ್ಲವಾದರೆ ಒರಟು ನೂಲು ಮಗ್ಗದಲ್ಲಿ ಜೂಲು ಬಿಟ್ಟು ಹರಿಯುತ್ತದಂತೆ. ಉಣ್ಣೆ ನಮ್ಮ ದಖ್ಖನಿ ಕುರಿಯದ್ದು, ಸಹಜ ಕಪ್ಪು, ಬಣ್ಣ ಹಾಕಿದ್ದಲ್ಲ. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಮರಿಯ ಮೊದಲ ಕತ್ತರಿಯ ಉಣ್ಣೆ ಮೃದು, ದೊಡ್ಡ ಕುರಿಯದ್ದು ಒರಟು. ಈಗ ಈ ಉಣ್ಣೆ ಸಿಗುವುದೇ ಕಷ್ಟವಾಗಿದೆ. ಮಾಂಸಕ್ಕೆ ಬೆಲೆ ಬಂದ ಮೇಲೆ ಜನ ಕೆಂಗುರಿ, ನೆಲ್ಲೂರು ಕುರಿ ಸಾಕುತ್ತಿದ್ದಾರೆ. ಅವಕ್ಕೆ ಮೈಮೇಲೆ ಬರಿ ಕೂದಲು, ನೂಲುವ ಉಣ್ಣೆ ಬರುವುದಿಲ್ಲ. ಅಜ್ಜ ಇದನ್ನು ಹೇಳುವಾಗ ದೂರಿನ ದನಿ ಇರಲಿಲ್ಲ. ನನಗೇ ಹೊಟ್ಟೆಯಲ್ಲಿ ಸಂಕಟವಾಯಿತು.

ನನ್ನ ಎದೆಯಲ್ಲಿ ಒಂದು ಅಳುಕಿತ್ತು. ಹೊರಡುವಾಗ ನಮ್ಮ ಅತ್ತೆ, "ಕಂಬಳಿ ಅಂದ್ರೆ ದೇವರ ಗದ್ದುಗೆ ಹಾಸೋದು, ನಾಯಿಗೆ ಹಾಸ್ತೀನಿ ಅಂತ ಅವರ ಮುಂದೆ ಹೇಳಬೇಡ ಕಣೆ, ನೊಂದ್ಕೋತಾರೆ" ಅಂದಿದ್ದರು. ಮುಚ್ಚಿಟ್ಟು ಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನಿಜವನ್ನೇ ಹೇಳಿದೆ. ಅಜ್ಜ ನೇಯುವುದು ನಿಲ್ಲಿಸಿ, "ಕುರಿ ಕಾಯೋ ನಾಯಿ ಇನ್ನೆಲ್ಲಿ ಮಲಗುತ್ತೆ ತಾಯಿ? ಮೈಲಾರಲಿಂಗನ ಜೊತೆಗಿರೋದು ಏನು, ನಾಯಿ ಅಲ್ವಾ?" ಅಂದರು. ಅದು ಸರಿಯೇ. ಮೈಲಾರನ ಭಕ್ತರಾದ ಗೊರವರು ಕರಿ ಕಂಬಳಿ ಹೊದ್ದು, ದೋಣಿ ಅನ್ನುವ ಭಿಕ್ಷಾಪಾತ್ರೆಗೆ ಹಾಕಿದ ಹಾಲು ಹಣ್ಣನ್ನು ನಾಯಿಯಂತೆ ಬಾಯಿ ಹಾಕಿ ತಿನ್ನುವುದನ್ನು ಅತ್ತೆಯೂ ಕಂಡವರೇ. ಮನೆಗೆ ಬಂದು ಹೇಳಿದೆ. ಅಂದಿನಿಂದ ಅತ್ತೆಯೇ ಕೆಂಚನ ಕಂಬಳಿ ಕೊಡವಿ ಹಾಸುತ್ತಾರೆ.

ಕೊಂಡಿದ್ದು 1,800 ರೂಪಾಯಿಗೆ. ಒಂದು ಮೂಲೆಯಲ್ಲಿ ನೇಯ್ಗೆ ಸಡಿಲವಿದ್ದದ್ದರಿಂದ ಕಡಿಮೆ ಮಾಡಿಕೊಟ್ಟರು. ಇದು ಎರಡು ಪಟ್ಟಿ ನೇಯ್ದು ನಡುವೆ ಸೇರಿಸಿ ಹೊಲಿದ ಕಂಬಳಿ. ಟೈಲರ್ ಕಣ್ಣಿಗೆ ಅದು ಥಟ್ಟನೆ ಬಿತ್ತು. ಮನೆಗೆ ಬಂದು ಆ ನಡುಹೊಲಿಗೆ ಬಿಚ್ಚಿದೆ. ಕತ್ತರಿ ತಾಗಿಸದೆ ಎರಡು ಹಾಸಿಗೆ ಆಯಿತು, ಎರಡಕ್ಕೂ ಉದ್ದದ ಅಂಚು ಗಟ್ಟಿ. ಒಂದನ್ನು ನಾಲ್ಕು ಮಡಿಕೆ ಮಾಡಿ ಕೆಂಚನಿಗೆ. ಇನ್ನೊಂದು ಗುಂಡನಿಗೆ, ಅದರ ತುದಿಯಲ್ಲಿ ಸುಬ್ಬಿಗೂ ಜಾಗ.

ಕೊಳ್ಳುವಾಗ ಅಸಲಿ ಯಾವುದು ಅಂತ ನೋಡಿಕೊಳ್ಳಬೇಕು. ಜಾತ್ರೆಯಲ್ಲಿ, ರಸ್ತೆ ಬದಿಯಲ್ಲಿ ಕಂಬಳಿ ಅಂತ ಮಾರುವುದರಲ್ಲಿ ಅಕ್ರಿಲಿಕ್ ಇರುತ್ತದೆ, ಹಳೆ ಬಟ್ಟೆ ಸಿಬಿರು ಮಾಡಿ ಮತ್ತೆ ನೂತದ್ದೂ ಇರುತ್ತದೆ. ಅಂಚಿನಿಂದ ಎರಡು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ಸರಿಸಿದರೆ ತಾನೇ ಆರುತ್ತದೆ, ಉಳಿದ ಕರಿಯನ್ನು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ತೊಟ್ಟಿಕ್ಕುತ್ತದೆ, ತಣ್ಣಗಾದ ಮೇಲೆ ಗಟ್ಟಿ ಮಣಿ ಉಳಿಯುತ್ತದೆ. ನಮ್ಮಂಥ ಮನೆಗಳಲ್ಲಿ ಒಲೆ ಹತ್ತಿರವೇ ಪ್ರಾಣಿಗಳು ಮಲಗುವುದು. ಕಿಡಿ ಹಾರಿದರೆ ಉಣ್ಣೆ ಒಂದು ಚುಕ್ಕೆ ಕಮರಿ ನಿಲ್ಲುತ್ತದೆ. ಪ್ಲಾಸ್ಟಿಕ್ ನೂಲಿನದ್ದು ಕರಗಿ ಮೈಗೆ ಅಂಟುತ್ತದೆ. ಈ ಒಂದು ಕಾರಣಕ್ಕೇ ಅಸಲಿಗೆ ಹೆಚ್ಚು ದುಡ್ಡು ಕೊಡಬಹುದು.

ಹೊಸ ಕಂಬಳಿ ಹಪ್ಪಳದಷ್ಟು ಬಿರುಸು. ಗಂಜಿಯ ವಾಸನೆಗೆ ನಾಯಿ ನೆಕ್ಕುತ್ತದೆ, ಇಲಿಯೂ ಬರುತ್ತದೆ. ಹಾಗಾಗಿ ತಣ್ಣೀರಲ್ಲಿ ರಾತ್ರಿ ನೆನೆಹಾಕಿ, ಅಂಟುವಾಳದ ನೊರೆಯಲ್ಲಿ ಕೈಯಿಂದ ಒತ್ತಿ ತೊಳೆದೆ. ಬಿಸಿನೀರು ಕೂಡದು, ಕುಗ್ಗಿ ಗಂಟಾಗುತ್ತದೆ. ಹಿಂಡಲೂ ಬಾರದು. ನೀರು ಕುಡಿದ ಕಂಬಳಿ ಒಬ್ಬರಿಂದ ಎತ್ತಲಾಗದಷ್ಟು ಭಾರ. ನಾನೂ ನಮ್ಮ ಮನೆಯವರೂ ಎರಡು ಕಡೆ ಹಿಡಿದು ಕಲ್ಲುಚಪ್ಪಡಿ ಮೇಲೆ ಹರಡಿ ನೀರು ಸುರಿಯಲು ಬಿಟ್ಟೆವು. ಒಣಗಿದ ಮೇಲೆ ಮೆತ್ತಗಾಯಿತು. ಹೊದ್ದು ಮಳೆಗೆ ಹೋಗುವವರು ಹೀಗೆ ಗಂಜಿ ತೊಳೆಯಬಾರದು. ಹಾಸಲು ಮಾತ್ರ ಇದೇ ಸರಿ.

ನೇರವಾಗಿ ನೆಲದ ಮೇಲೆ ಹಾಸಬೇಡಿ. ಕೆಳಗೆ ಎರಡು ಇಟ್ಟಿಗೆ, ಅದರ ಮೇಲೆ ಹಲಗೆ, ಹಲಗೆ ಮೇಲೆ ರಾಗಿ ಹುಲ್ಲು ತುಂಬಿದ ಗೋಣಿಚೀಲ, ಅದರ ಮೇಲೆ ಕಂಬಳಿ. ಗಾಳಿ ಬರುವ ಕಡೆ ಹಳೆ ಫ್ಲೆಕ್ಸು ಕಟ್ಟಿದ್ದೇವೆ. ಹುಲ್ಲಿನ ವಿಷಯ ತಂಗಿಗೆ ಹೇಳಿದಾಗ ಅಲ್ಲಿಯೂ ಹೊರಗಿನ ನಾಯಿಗೂಡಿಗೆ ಒಣಹುಲ್ಲೇ ತುಂಬುತ್ತಾರೆ ಅಂದಳು. ಆದರೆ ಅಲ್ಲಿ ಕಂಬಳಿ ಹಾಕುವುದಿಲ್ಲ. ನಾಯಿಯ ಉಸಿರಿನ ತೇವ, ಕಾಲಿನ ಹಿಮ ಎಲ್ಲ ಹೊದಿಕೆಗೆ ಇಳಿದು ಅದು ಹಾಗೇ ಹೆಪ್ಪುಗಟ್ಟುತ್ತದೆ, ನಾಯಿಗೆ ಇನ್ನಷ್ಟು ಚಳಿ. ಹುಲ್ಲಾದರೆ ತೇವ ಹಿಡಿದಿಡುವುದಿಲ್ಲ, ನಾಯಿ ಒಳಗೆ ಹೂತು ಮಲಗಬಹುದು. ಅಲ್ಲಿ ಬೇಡವಾದದ್ದು ಇಲ್ಲಿ ಯಾಕೆ ಸರಿ ಅಂದರೆ, ನಮಗೆ ಹೆಪ್ಪುಗಟ್ಟುವ ಮಾತಿಲ್ಲ, ದಿನಾ ಬಿಸಿಲಿದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿಯೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಇಬ್ಬನಿ ರಾತ್ರಿ ಕಳೆದ ಮೇಲೆ ಬೆಳಿಗ್ಗೆ ಕೆಂಚ ಎದ್ದ ಜಾಗಕ್ಕೆ ಅಂಗೈ ಇಟ್ಟು ನೋಡುತ್ತೇನೆ. ಬೆಚ್ಚಗೇ ಇರುತ್ತದೆ. ಹತ್ತು ಗಂಟೆಗೆ ಕಾಂಪೌಂಡ್ ಗೋಡೆ ಮೇಲೆ ಹಾಕಿದರೆ ಮಧ್ಯಾಹ್ನಕ್ಕೆ ಗರಿಗರಿ.

ಕೆಂಚನ ಕೀಲು ನೋವು ಕಂಬಳಿಯಿಂದ ವಾಸಿಯಾಯಿತು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಪಶು ವೈದ್ಯರ ಔಷಧಿ ನಡೆಯುತ್ತಿದೆ. ಆದರೆ ಬೆಳಿಗ್ಗೆ ಏಳುವುದು ಸಲೀಸಾಗಿದೆ. ಮೊಣಕೈ ಹತ್ತಿರ ಕಲ್ಲಿಗೆ ಉಜ್ಜಿ ಜಡ್ಡುಗಟ್ಟಿದ್ದ ಚರ್ಮ ಮೆತ್ತಗಾಗಿ ಸಣ್ಣ ಕೂದಲು ಬಂದಿದೆ. ಔಷಧಿ ಮಾತು ಬಂತಲ್ಲ, ದಯವಿಟ್ಟು ಮನೆಯಲ್ಲಿರುವ ಜ್ವರದ ಮಾತ್ರೆ, ನೋವಿನ ಮಾತ್ರೆ ಪ್ರಾಣಿಗಳಿಗೆ ಕೊಡಬೇಡಿ. ಒಂದು ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೆಯಬಲ್ಲದು. ಐಬುಪ್ರೊಫೇನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಹಾಳು ಮಾಡುತ್ತದೆ. ಚಳಿಗೆ ಮುದ್ದೆ ಬಿಸಿಯಾಗಿ, ಜಾಸ್ತಿಯಾಗಿ ಹಾಕಿ, ಸರಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ.

ಇನ್ನು ಕೊರತೆಗಳು. ಮೊದಲನೆಯದು ಉಣ್ಣಿ, ಚಿಗಟ. ಒರಟು ನೇಯ್ಗೆಯ ಸಂದಿ ಅವಕ್ಕೆ ಒಳ್ಳೆ ಮನೆ. ಕಪ್ಪು ಬಣ್ಣದ ಮೇಲೆ ಕಣ್ಣಿಗೂ ಬೀಳುವುದಿಲ್ಲ. ನಾಯಿಗೆ ಉಣ್ಣಿ ಔಷಧಿ ಹಾಕಿಸದೆ ಕಂಬಳಿ ಮಾತ್ರ ತಂದರೆ ಉಣ್ಣಿ ಜ್ವರಕ್ಕೆ ಬಾಗಿಲು ತೆರೆದಂತೆಯೇ. ಔಷಧಿ ನಾಯಿಗೆ, ಬಿಸಿಲು ಕಂಬಳಿಗೆ, ಎರಡೂ ಆಗಬೇಕು. ನಾನು ಬಿಳಿ ಪಂಚೆ ಹಾಸಿ ಅದರ ಮೇಲೆ ಕಂಬಳಿಯನ್ನು ಕೋಲಿಂದ ಬಡಿಯುತ್ತೇನೆ. ಬಿದ್ದದ್ದೆಲ್ಲ ಕಾಣುತ್ತದೆ.

ಎರಡನೆಯದು ನುಸಿ. ಬೇಸಿಗೆಯಲ್ಲಿ ಮಡಚಿಟ್ಟರೆ ತೂತು ಮಾಡುತ್ತದೆ. ನುಸಿ ಗುಳಿಗೆ ಇಡಲೇಬಾರದು, ಅದು ನಾಯಿಗೂ ಬೆಕ್ಕಿಗೂ ವಿಷ. ಒಣಗಿದ ಬೇವಿನ ಸೊಪ್ಪು ಮಡಿಕೆಗಳ ಮಧ್ಯೆ ಇಡಿ, ತಿಂಗಳಿಗೊಮ್ಮೆ ಬಿಸಿಲು ತೋರಿಸಿ. ಹಾಗೆಯೇ ಮಲಗುವ ಜಾಗ ಒರೆಸಲು ಫಿನಾಯಿಲ್ ಬೇಡ, ಬೆಕ್ಕಿಗೆ ಅದು ಆಗುವುದಿಲ್ಲ.

ಮೂರನೆಯದು ಎಳೆ. ಮರಿ ನಾಯಿ ಹಲ್ಲು ಬರುವಾಗ ಕಂಬಳಿ ಅಗಿಯುತ್ತದೆ. ಉದ್ದ ಎಳೆ ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ಬೆಕ್ಕಿಗಂತೂ ನೂಲು ಬಹಳ ಅಪಾಯ. ಗುಂಡನ ಕಂಬಳಿಯ ತುದಿಯ ಕುಚ್ಚನ್ನೆಲ್ಲ ಒಳಕ್ಕೆ ಮಡಚಿ, ದಬ್ಬಣದಲ್ಲಿ ದಪ್ಪ ಹತ್ತಿ ದಾರ ಪೋಣಿಸಿ ಅಂಚು ಹೊಲಿದೆ. ಮಿಷನ್ನಿನ ಸೂಜಿ ಮುರಿಯುತ್ತದೆ, ಸುಮ್ನೆ ಪ್ರಯತ್ನ ಮಾಡಬೇಡಿ. ಹಲ್ಲು ಬದಲಾಗುವವರೆಗೆ ಮರಿಗೆ ಹಳೆ ಸೀರೆಯ ಕೌದಿಯೇ ವಾಸಿ.

ಒದ್ದೆಯಾದರೆ ಕುರಿ ಹಟ್ಟಿಯ ವಾಸನೆ ಬರುತ್ತದೆ, ಅದೂ ನಿಜ. ನನಗೆ ಅದು ಕೆಟ್ಟ ವಾಸನೆ ಅನ್ನಿಸುವುದಿಲ್ಲ. ಕೆಂಚನಿಗಂತೂ ಅದೇ ಇಷ್ಟ. ಮೊದಲ ದಿನ ಬೆನ್ನು ಕೆಳಗೆ ಮಾಡಿ, ನಾಲ್ಕು ಕಾಲು ಮೇಲೆ ಎತ್ತಿ ಅದರ ಮೇಲೆ ಹೊರಳಾಡಿದ. ಅಷ್ಟು ವಯಸ್ಸಾದ ನಾಯಿ ಹಾಗೆ ಹೊರಳಿದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಸುಬ್ಬಿ ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ. ಅರ್ಧ ರಾತ್ರಿ ಕಂಬಳಿ ಮೇಲೆ, ಅರ್ಧ ರಾತ್ರಿ ಒಲೆಯಲ್ಲಿ. ಹಾಗಾಗಿ ಟಾರ್ಚ್ ಹಾಕಿ ನೋಡುವುದು ನಿಂತಿಲ್ಲ.

ಕೆನಡಾದ ಕೋಟು ಮೂಲೆ ಸೇರಿತೇ ಅಂದರೆ ಇಲ್ಲ. ಅದರ ಹೊಳೆಯುವ ಪಟ್ಟಿ ನನಗೆ ಬಹಳ ಹಿಡಿಸಿತು. ಮಂಜು ಮುಸುಕಿದ ಬೆಳಗ್ಗೆ ನಮ್ಮ ರಸ್ತೆಯಲ್ಲಿ ಹಾಲಿನ ಗಾಡಿ, ಶಾಲೆ ಬಸ್ಸು ಬರುವಾಗ ಕೆಂಪು ನಾಯಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಥ ಪಟ್ಟಿ ಮೀಟರ್ ಲೆಕ್ಕದಲ್ಲಿ ತುಮಕೂರಿನಲ್ಲಿ ಸಿಕ್ಕಿತು. ಎರಡು ನಾಯಿಗೂ ಕೊರಳ ಪಟ್ಟಿಯ ಮೇಲೆ ಹೊಲಿದಿದ್ದೇನೆ. ಕೋಟಿನ ಅಳತೆ ಪೇಪರ್ ಮೇಲೆ ತೆಗೆದಿಟ್ಟುಕೊಂಡು, ಹಳೆ ಸ್ವೆಟರ್ ಬಟ್ಟೆಯಲ್ಲಿ ಕೆಂಚನಿಗೆ ತೆಳ್ಳಗಿನ ಒಂದು ಅಂಗಿ ಹೊಲಿದೆ. ವೆಲ್ಕ್ರೋ ಬದಲು ಗುಂಡಿ. ತೀರಾ ಚಳಿಯ ರಾತ್ರಿಗೆ ಮಾತ್ರ. ಬಿಸಿಲೇರಿದಾಗ ಅತ್ತೆಯೂ ಸುಲಭವಾಗಿ ಬಿಚ್ಚಬಹುದು. ಊರಿನವರು ತಮ್ಮ ನಾಯಿಗೂ ಹೊಲಿದುಕೊಡಿ ಅಂತ ಕೇಳುತ್ತಿದ್ದಾರೆ. ಬಟ್ಟೆ ಅವರು ತಂದರೆ ಕೂಲಿ ಇಲ್ಲದೆ ಹೊಲಿಯುತ್ತೇನೆ.

ಯಾರಿಗೆ ಕಂಬಳಿ ಬೇಡ? ಚರ್ಮದ ಅಲರ್ಜಿ ಇರುವ ನಾಯಿಗೆ ಒರಟು ಉಣ್ಣೆ ಕೆರೆತ ತರಬಹುದು, ಮೇಲೆ ಹತ್ತಿ ಬಟ್ಟೆ ಹಾಸಿ. ಉಚ್ಚೆ ಹಿಡಿತವಿಲ್ಲದ ಬಹಳ ಮುದಿ ನಾಯಿಗೂ ಬೇಡ, ದಿನಾ ತೊಳೆದು ಒಣಗಿಸಲು ಆಗುವುದಿಲ್ಲ. ಬಿಸಿಲು ಬೀಳುವ ಜಾಗವೇ ಇಲ್ಲದ ಮನೆಗೂ ನಾನು ಹೇಳುವುದಿಲ್ಲ. ಉಳಿದ ಎಲ್ಲರಿಗೂ, ಅದರಲ್ಲೂ ಕೂದಲು ಗಿಡ್ಡವಿರುವ ನಾಟಿ ನಾಯಿ, ಮುಧೋಳದಂಥ ತೆಳು ಮೈಯ ನಾಯಿ ಸಾಕಿದವರಿಗೆ ಖಂಡಿತ ಹೇಳುತ್ತೇನೆ.

ಶಿರಾ ಕಡೆ ಹೋಗಲಾಗದವರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ವಿಚಾರಿಸಬಹುದು, ಕಂಬಳಿಗೆ ಹೆಸರಾದ ಊರು. ನೇಯುವವರ ಮನೆಯಿಂದಲೇ ಕೊಂಡರೆ ನೇಯ್ಗೆ ತಪ್ಪಿದ, ತುಂಡು ಬಿದ್ದ ಕಂಬಳಿ ಕಡಿಮೆ ಬೆಲೆಗೆ ಸಿಗುತ್ತದೆ. ಪ್ರಾಣಿಗಳಿಗೆ ಅದು ಧಾರಾಳ ಸಾಕು, ಅವರಿಗೂ ಮೂಲೆಯಲ್ಲಿ ಬಿದ್ದ ಮಾಲಿಗೆ ದುಡ್ಡು ಬರುತ್ತದೆ. ಚೌಕಾಸಿ ಮಾಡಬೇಡಿ. ನೂಲುವುದರಿಂದ ಹಿಡಿದು ಮಡಚಿ ಕೊಡುವವರೆಗೆ ಒಂದು ಕಂಬಳಿಗೆ ಇಡೀ ಮನೆಯ ಕೈ ಬಿದ್ದಿರುತ್ತದೆ. ಹೇಳಿ ಮಾಡಿಸುವವರು ದೀಪಾವಳಿಗೆ ಮೊದಲೇ ಹೇಳಿಡಿ. ಅಜ್ಜ ಒಬ್ಬರೇ ನೇಯುವುದು, ಚಳಿ ಬಿದ್ದ ಮೇಲೆ ಹೋದರೆ ನಿಮ್ಮ ಸರದಿ ಬರುವ ಹೊತ್ತಿಗೆ ಶಿವರಾತ್ರಿ ಬಂದಿರುತ್ತದೆ.